ಜಾವಾದಲ್ಲಿ ದಿನಾಂಕ ಬರೆಸುವಾಗ ನಾನು ನೋಡಿಕೊಳ್ಳುವುದು

ರಸೀದಿಗೋ ಎಸ್ಸೆಮ್ಮೆಸ್ಸಿಗೋ ದಿನಾಂಕ ಬರೆಸುವ ಜಾವಾ ಕೋಡ್ ಕೈಗೆ ಬಂದರೆ, ಪ್ಯಾಟರ್ನಿನಲ್ಲಿ (ದಿನಾಂಕ ಹೇಗೆ ಕಾಣಬೇಕೆಂದು ಅಕ್ಷರಗಳಲ್ಲಿ ಹೇಳುವ ನಮೂನೆಯಲ್ಲಿ) ವರ್ಷಕ್ಕೆ ಯಾವ ವೈ ಹಾಕಿದ್ದಾರೆ ಎಂದು ಮೊದಲು ನೋಡುತ್ತೇನೆ. ಸ್ಮಾಲ್ ವೈ ಅಂದರೆ ಕ್ಯಾಲೆಂಡರಿನ ವರ್ಷ. ಕ್ಯಾಪಿಟಲ್ ವೈ ಅಂದರೆ ಆ ದಿನ ಇರುವ ವಾರ ಯಾವ ವರ್ಷದ ಲೆಕ್ಕಕ್ಕೆ ಸೇರುತ್ತದೋ ಆ ವರ್ಷ. ಹೆಚ್ಚುಕಡಿಮೆ ವರ್ಷವಿಡೀ ಎರಡೂ ಒಂದೇ ಉತ್ತರ ಕೊಡುವುದರಿಂದ ಟೆಸ್ಟ್‌ಗಳೆಲ್ಲ ಪಾಸಾಗುತ್ತವೆ. ಕೈಕೊಡುವುದು ಡಿಸೆಂಬರ್ ಕೊನೆಗೆ. 2024ರ ಡಿಸೆಂಬರ್ 30 ಸೋಮವಾರ; ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನದಂಡದ ಲೆಕ್ಕದಲ್ಲಿ ವಾರ ಸೋಮವಾರ ಶುರು, ಅದು 2025ರ ಮೊದಲ ವಾರ. ಹಾಗಾಗಿ ಕ್ಯಾಪಿಟಲ್ ವೈ ಹಾಕಿದ್ದರೆ 30-12-2025 ಎಂದು ಅಚ್ಚಾಗುತ್ತದೆ, ಪೂರಾ ಒಂದು ವರ್ಷ ಮುಂದೆ! ಅಮೆರಿಕದ ಲೊಕೇಲ್ (ಭಾಷೆ, ದೇಶದ ರೂಢಿ ಹೇಳುವ ಸೆಟ್ಟಿಂಗ್) ಇದ್ದರೆ ವಾರ ಭಾನುವಾರ ಶುರುವಾಗುವುದರಿಂದ 29ಕ್ಕೇ ತಪ್ಪು ಬರುತ್ತದೆ. ಡಿಸೆಂಬರ್ 29, 30, 31 ಮತ್ತು ಜನವರಿ 1 ನನ್ನ ಟೆಸ್ಟಿನಲ್ಲಿ ಇದ್ದೇ ಇರುತ್ತವೆ.

ದಿನಕ್ಕೆ ಹಾಕುವ ಡಿ ಅಕ್ಷರದ್ದೂ ಇದೇ ಕಥೆ: ಕ್ಯಾಪಿಟಲ್ ಹಾಕಿದರೆ ಫೆಬ್ರವರಿ 5 ಹೋಗಿ 36 ಬರುತ್ತದೆ, ಅದು ವರ್ಷದ 36ನೇ ದಿನವಾದ್ದರಿಂದ. ಕ್ಯಾಪಿಟಲ್ ಎಂ ತಿಂಗಳು, ಸ್ಮಾಲ್ ಎಂ ನಿಮಿಷ.

ಸರ್ವರ್ ಯುಟಿಸಿಯಲ್ಲಿದ್ದು (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಟೈಮ್ ಝೋನ್ ಹೇಳದೆ ಬಿಟ್ಟರೆ, ನಮ್ಮಲ್ಲಿ ರಾತ್ರಿ 12ರಿಂದ ಬೆಳಗಿನ 5:30ರ ತನಕದ ವ್ಯವಹಾರಕ್ಕೆಲ್ಲ ಹಿಂದಿನ ದಿನದ ತಾರೀಖು ಬೀಳುತ್ತದೆ. ಒಳಗೆಲ್ಲ ಇನ್‌ಸ್ಟಂಟ್ (ಯಾವ ಝೋನೂ ಅಂಟದ ಸಮಯದ ಬಿಂದು) ಆಗಿಯೇ ಇಟ್ಟುಕೊಂಡು, ಅಚ್ಚಿನ ಸಾಲಿನಲ್ಲಿ ಮಾತ್ರ ‘ಏಷ್ಯಾ/ಕೋಲ್ಕತಾ’ ಕೊಡುತ್ತೇನೆ. ಐಎಸ್‌ಟಿ ಎಂಬ ಮೂರಕ್ಷರ ಬರೆಯುವುದಿಲ್ಲ. ಇಸ್ರೇಲ್, ಐರ್ಲೆಂಡ್ ಸಮಯಕ್ಕೂ ಅದೇ ಹೆಸರಿದೆ.

ಕನ್ನಡದ ರಸೀದಿಗೆ ಇನ್ನೂ ಸ್ವಲ್ಪ ಕೆಲಸ. ಕನ್ನಡ ಲೊಕೇಲ್ ಕೊಟ್ಟರೆ ತಿಂಗಳ ಹೆಸರು ಸರಿಯಾಗಿಯೇ ಬರುತ್ತದೆ. ಆದರೆ ಎಎಂ/ಪಿಎಂ ತೋರಿಸುವ ಸ್ಮಾಲ್ ಎ ಹಾಕಿದರೆ ರಾತ್ರಿ ಹತ್ತೂಕಾಲಕ್ಕೆ ‘ಅಪರಾಹ್ನ’ ಬರುತ್ತದೆ. ಹಾಗೆ ಯಾರು ಮಾತಾಡುತ್ತಾರೆ? ಜಾವಾ 16ರಿಂದ, ದಿನದ ಯಾವ ಹೊತ್ತು ಎಂದು ಹೇಳುವ ಕ್ಯಾಪಿಟಲ್ ಬಿ ಇದೆ. ಅದನ್ನು ಮುಂದೆ ಹಾಕಿ, ಆಮೇಲೆ ಒಂದು ಸ್ಮಾಲ್ ಹೆಚ್, ಕೋಲನ್, ಎರಡು ಸ್ಮಾಲ್ ಎಂ ಬರೆದರೆ ‘ರಾತ್ರಿ 10:15’ ಸಿಗುತ್ತದೆ. ಓದುವವರಿಗೆ ಅದೇ ಸಹಜ. ಅಂಕಿಗಳು ಮಾತ್ರ 1, 2, 3 ಆಗಿಯೇ ಉಳಿಯುತ್ತವೆ. ೧, ೨, ೩ ಬೇಕಿದ್ದರೆ, ಅಂಕಿಗಳ ರೂಪ ನಿರ್ಧರಿಸುವ ಡೆಸಿಮಲ್‌ಸ್ಟೈಲ್‌ನಲ್ಲಿ ಸೊನ್ನೆಯ ಜಾಗಕ್ಕೆ ೦ ಕೊಟ್ಟರೆ ಸಾಕು, ಉಳಿದ ಒಂಬತ್ತನ್ನು ಅದೇ ಲೆಕ್ಕ ಹಾಕಿಕೊಳ್ಳುತ್ತದೆ.

ಹೀಗೆ ಲೊಕೇಲ್ ಹಚ್ಚಿ ಬರೆಸಿದ ಪಠ್ಯವನ್ನು ಇನ್ನೊಂದು ಪ್ರೋಗ್ರಾಂ ಓದುವಂತೆ ಮಾಡಬೇಡಿ. ಜಾವಾ 20ರಲ್ಲಿ ಅಮೆರಿಕನ್ ಇಂಗ್ಲಿಷಿನ ಸಿದ್ಧ ಶೈಲಿಯಲ್ಲಿ ಪಿಎಂ ಮುಂಚಿನ ಸ್ಪೇಸ್ ಬದಲಾಗಿ, ಮುರಿಯದ ಕಿರಿದಾದ ಸ್ಪೇಸ್ ಬಂತು. ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಪಠ್ಯ ಓದಿ ದಿನಾಂಕ ಮಾಡುವ ಪಾರ್ಸರ್ ಮಾತ್ರ ಎಕ್ಸೆಪ್ಶನ್ (ದೋಷ) ಎಸೆಯುತ್ತದೆ. ಯಂತ್ರಕ್ಕೆ ಕಳಿಸುವುದಿದ್ದರೆ ಐಎಸ್‌ಒ ರೂಪವೇ (2024-12-30 ಎಂಬಂತೆ) ಇರಲಿ.