ಬೇರು ಕೊಳೆತ ಮನಿ ಪ್ಲಾಂಟ್ ಉಳಿಸಿಕೊಂಡಿದ್ದು ಹೀಗೆ

ಮಳೆಗಾಲದಲ್ಲಿ ನಮ್ಮ ಹಾಲ್‌ನ ಮನಿ ಪ್ಲಾಂಟ್ ಎಲೆಗಳು ಒಂದೊಂದಾಗಿ ಹಳದಿಯಾದವು. ನೀರು ಸಾಲದೇನೋ ಅಂತ ಇನ್ನೂ ಜಾಸ್ತಿ ಹಾಕಿದೆ. ಅದೇ ತಪ್ಪಾಯಿತು. ಕಿತ್ತು ನೋಡಿದರೆ ಬೇರೆಲ್ಲ ಕಪ್ಪಗಾಗಿ, ಮುಟ್ಟಿದರೆ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಕೈಗೆ ಬರುತ್ತಿತ್ತು, ಜೊತೆಗೆ ಕೆಟ್ಟ ವಾಸನೆ. ಕುಂಡದ ತಳದ ತೂತು ಮಣ್ಣು ಕಟ್ಟಿ ಮುಚ್ಚಿಹೋಗಿತ್ತು.

ಬುಡ ಉಳಿಯುವ ಹಾಗಿರಲಿಲ್ಲ. ಗಟ್ಟಿಯಾಗಿದ್ದ ಹಸಿರು ಬಳ್ಳಿಯನ್ನಷ್ಟೇ ಆರಿಸಿ, ಗೆಣ್ಣಿಗಿಂತ (ಬಳ್ಳಿಯಲ್ಲಿ ಎಲೆ ಹುಟ್ಟುವ ಗಂಟು) ಅರ್ಧ ಇಂಚು ಕೆಳಗೆ ಕತ್ತರಿಸಿದೆ. ಗೆಣ್ಣಿನ ಹತ್ತಿರ ಕಂದು ಬಣ್ಣದ ಸಣ್ಣ ಗುಬುಟು ಕಾಣುತ್ತೆ ಅಲ್ವಾ, ಬೇರು ಹೊರಡುವುದು ಅಲ್ಲಿಂದಲೇ. ಗೆಣ್ಣಿಲ್ಲದೆ ಸುಮ್ನೆ ಎಲೆ ಇಟ್ಟರೆ ಹೊಸ ಬಳ್ಳಿ ಬರುವುದಿಲ್ಲ.

ಖಾಲಿ ಉಪ್ಪಿನಕಾಯಿ ಬಾಟಲಿ ಚೆನ್ನಾಗಿ ತೊಳೆದು, ಗೆಣ್ಣು ಮುಳುಗಿ ಎಲೆ ಮೇಲೇ ಉಳಿಯುವಷ್ಟು ನೀರು ಹಾಕಿ, ಕತ್ತರಿಸಿದ ಕಡ್ಡಿಗಳನ್ನು ಅದರಲ್ಲಿ ನಿಲ್ಲಿಸಿ, ನೇರ ಬಿಸಿಲು ಬೀಳದ ಅಡುಗೆಮನೆ ಕಿಟಕಿಯಲ್ಲಿಟ್ಟೆ. 4 ದಿನಕ್ಕೊಮ್ಮೆ ನೀರು ಬದಲಿಸಿದೆ. ಒಂದು ಕಡ್ಡಿ ಮೆತ್ತಗಾಯಿತು, ತಕ್ಷಣ ತೆಗೆದುಬಿಟ್ಟೆ, ಇಲ್ಲದಿದ್ದರೆ ನೀರೆಲ್ಲ ಕೆಡುತ್ತದೆ. 12ನೇ ದಿನ ಅಕ್ಕಿಕಾಳಿನಷ್ಟು ಬಿಳಿ ಬೇರು ಕಂಡಾಗ ಎಷ್ಟು ಖುಷಿಯಾಯಿತು!

ಬೇರು 2 ಇಂಚು ಬೆಳೆದ ಮೇಲೆ ಮಣ್ಣು, ಮರಳು, ತೆಂಗಿನ ನಾರಿನ ಪುಡಿ ಬೆರೆಸಿ ನೆಟ್ಟೆ. ಈಗ ಬೆರಳು ಒಳಗಿಟ್ಟು ನೋಡಿ, ಮೇಲಿನ ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕುತ್ತೇನೆ. ಮೊನ್ನೆ ಸುರುಳಿ ಸುತ್ತಿದ ಹೊಸ ಎಲೆಯೊಂದು ಬಿಟ್ಟಿದೆ.