ಒಂದು ಫೆರ್ರಿಯ ದುಡಿಮೆಯ ಚರಿತ್ರೆ ಹುಡುಕುವುದು ಹೇಗೆ?

ಮೊದಲ ಮಾತು: ಫೆರ್ರಿಯ ಹೆಸರನ್ನು ನಂಬಬೇಡಿ. ಜನ, ಕಾರು, ಲಾರಿ ಹೊತ್ತು ದಶಕಗಟ್ಟಲೆ ಓಡಾಡುವ ಈ ಹಡಗುಗಳು ಕೈ ಬದಲಾದಾಗಲೆಲ್ಲ ಹೆಸರು ಬದಲಿಸುತ್ತವೆ, ಎಷ್ಟೋ ಸಲ ಬಾವುಟವನ್ನೂ, ಅಂದರೆ ನೋಂದಣಿಯ ದೇಶವನ್ನೂ. ಹೆಸರು ಹಿಡಿದು ಹುಡುಕಿದರೆ ಅದೇ ಹೆಸರಿನ ಬೇರೆ ಹಡಗುಗಳೂ ಎದುರಾಗಿ ತಲೆ ಕೆಡಿಸುತ್ತವೆ. ಅದಕ್ಕೇ ನಾನು ಮೊದಲು ಕೈ ಹಾಕುವುದು ಐಎಂಒ (ಅಂತರರಾಷ್ಟ್ರೀಯ ಸಾಗರ ಸಂಸ್ಥೆ) ನಂಬರಿಗೆ.

ಇದು 7 ಅಂಕಿಯ ನಂಬರ್. 1987ರಲ್ಲಿ ಶುರುವಾದ ಪದ್ಧತಿ. 1996ರಿಂದ ಅಂತರರಾಷ್ಟ್ರೀಯ ಸಂಚಾರದ 100 ಗ್ರಾಸ್ ಟನ್ (ಒಳಜಾಗದ ಅಳತೆ) ಮತ್ತು ಅದಕ್ಕಿಂತ ದೊಡ್ಡ ಪ್ರಯಾಣಿಕರ ಹಡಗುಗಳಿಗೆ ಕಡ್ಡಾಯ. ನಂಬರ್ ಅಂಟಿಕೊಂಡಿರುವುದು ಹಡಗಿನ ಒಡಲಿಗೆ, ಮಾಲೀಕನಿಗಲ್ಲ. ಯಾರು ಕೊಂಡರೂ ಯಾರು ಮಾರಿದರೂ ಅದು ಬದಲಾಗುವುದಿಲ್ಲ. ಹಿಂಭಾಗದಲ್ಲೋ ಪಕ್ಕದಲ್ಲೋ ದೊಡ್ಡದಾಗಿ ಬರೆದಿರುತ್ತದೆ, ಪ್ರಯಾಣಿಕರ ಹಡಗಾದರೆ ಮೇಲಿನಿಂದ ನೋಡಿದರೂ ಕಾಣುವಂತೆ. ಕಾರು ನಿಲ್ಲಿಸುವ ಡೆಕ್ಕಿನ ಕೊನೆಯ ಗೋಡೆಯ ಮೇಲೂ ಸಿಗಬಹುದು, ಒಮ್ಮೆ ಕಣ್ಣು ಹಾಯಿಸಿ.

ಹಳೆಯ ಕಾಗದದಲ್ಲಿ ನಂಬರ್ ಸಿಕ್ಕಿತು, ಸರಿಯಿದೆಯೋ ಇಲ್ಲವೋ ಅನುಮಾನ. ಆಗ ಹೀಗೆ ಮಾಡಿ. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕಿಯೇ ಏಳನೆಯ ಅಂಕಿ ಆಗಿರಬೇಕು. ‘ಎಸ್ಟೋನಿಯಾ’ ಫೆರ್ರಿಯ ನಂಬರ್ 7921033. ಲೆಕ್ಕ ಹಾಕಿದರೆ 49, 54, 10, 4, 0, 6. ಒಟ್ಟು 123. ಕೊನೆಗೆ 3, ಸರಿಯಾಯ್ತಲ್ವಾ? ಬರೆಯುವಾಗ ಒಂದು ಅಂಕಿ ತಪ್ಪಾಗಿದ್ದರೆ ಸಾಮಾನ್ಯವಾಗಿ ಇಲ್ಲೇ ಸಿಕ್ಕಿಬೀಳುತ್ತದೆ.

ನಂಬರ್ ಸಿಗದಿದ್ದರೆ ಹಡಗಿನ ಮೂತಿಯನ್ನು ಹತ್ತಿರದಿಂದ ನೋಡಿ. ಹೆಸರನ್ನು ಎಷ್ಟೋ ಸಲ ಉಕ್ಕಿನ ಮೇಲೆ ವೆಲ್ಡ್ ಮಾಡಿ, ಆಮೇಲೆ ಬಣ್ಣ ತುಂಬಿರುತ್ತಾರೆ. ಹೊಸ ಮಾಲೀಕರು ಅದನ್ನು ಪೂರ್ತಿ ಉಜ್ಜಿ ತೆಗೆಯದೆ ಮೇಲೆಯೇ ಬಣ್ಣ ಬಳಿದುಬಿಡುತ್ತಾರೆ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಹಳೆಯ ಅಕ್ಷರಗಳ ಅಂಚು ಎದ್ದು ಕಾಣುತ್ತದೆ. ಫೋಟೊ ತೆಗೆದು ಕಾಂಟ್ರಾಸ್ಟ್ ಜಾಸ್ತಿ ಮಾಡಿ ನೋಡಿ. ಹಿಂಭಾಗದಲ್ಲಿ ಹೆಸರಿನ ಕೆಳಗೆ ನೋಂದಣಿ ಬಂದರಿನ ಹೆಸರಿರುತ್ತದೆ. ಅಲ್ಲೂ ಇದೇ ಕೆಲಸ.

ಹುಟ್ಟಿದ ತಾರೀಖು ಬರೆಯುವಾಗ ಎರಡನ್ನೂ ಬರೆದುಕೊಳ್ಳಿ: ನೀರಿಗಿಳಿಸಿದ ದಿನ, ಕಂಪನಿಗೆ ಒಪ್ಪಿಸಿದ ದಿನ. ನಡುವೆ ತಿಂಗಳುಗಟ್ಟಲೆ ಅಂತರ ಇರುತ್ತದೆ.

ಗ್ರಾಸ್ ಟನ್ ಅಂಕಿ ಬಂದಾಗ ಹುಷಾರು. ಅದು ತೂಕ ಅಲ್ಲ, ಒಳಗಿನ ಜಾಗದ ಅಳತೆ. ಹಡಗುಗಳ ಅಳತೆ ಕುರಿತ 1969ರ ಅಂತರರಾಷ್ಟ್ರೀಯ ಒಪ್ಪಂದದ ಹೊಸ ಅಳತೆ 1982ರಲ್ಲಿ ಜಾರಿಗೆ ಬಂತು. ಹಳೆಯ ಹಡಗುಗಳಿಗೆ 1994ರ ಜುಲೈವರೆಗೆ ಸಮಯ ಕೊಟ್ಟಿದ್ದರು. ಹಳೆಯ ಲೆಕ್ಕದಲ್ಲಿ ವಾಹನಗಳ ಡೆಕ್ಕಿಗೆ ರಿಯಾಯಿತಿ ಸಿಗುತ್ತಿತ್ತು. ಹೊಸ ಲೆಕ್ಕದಲ್ಲಿ ಅದು ಹೋಯಿತು. ಹಾಗಾಗಿ ಒಂದು ಬೋಲ್ಟ್ ಕೂಡ ಬದಲಾಗದೆ ಎಷ್ಟೋ ಫೆರ್ರಿಗಳು ಕಾಗದದ ಮೇಲೆ ದೊಡ್ಡದಾದವು. ಇದನ್ನು ನೋಡಿ ‘ಹಡಗನ್ನು ಉದ್ದ ಮಾಡಿದರು’ ಅಂತ ಬರೆಯಬೇಡಿ. ನಿಜವಾಗಿಯೂ ಉದ್ದ ಮಾಡುವುದುಂಟು, ನಡುವೆ ಕತ್ತರಿಸಿ ಹೊಸ ತುಂಡು ಸೇರಿಸುತ್ತಾರೆ. ಆದರೆ ಆಗ ಉದ್ದದ ಮೀಟರ್ ಲೆಕ್ಕವೂ ಬದಲಾಗಿರಬೇಕು. 1990ರ ದಶಕದ ನಂತರದ ಫೋಟೊಗಳಲ್ಲಿ ನೀರಿನ ಮಟ್ಟದಲ್ಲಿ ಪಕ್ಕಕ್ಕೆ ಉಬ್ಬಿದ ಉಕ್ಕಿನ ಪಟ್ಟಿ ಹೊಸದಾಗಿ ಕಂಡರೆ, ಅದು ಬಹುಪಾಲು ಸುರಕ್ಷತಾ ನಿಯಮ ಬಿಗಿಯಾದ ಮೇಲೆ, ಹಡಗು ಸುಲಭವಾಗಿ ಮಗುಚದಿರಲಿ ಎಂದು ಹಾಕಿದ್ದು.

ಇಷ್ಟಕ್ಕೇ ನಿಲ್ಲಿಸುವವರೇ ಜಾಸ್ತಿ. ನನಗೆ ಇದು ಬರೀ ಜಾತಕ. ದುಡಿಮೆ ಗೊತ್ತಾಗುವುದು ವೇಳಾಪಟ್ಟಿಯಿಂದ. ಬೇಸಿಗೆಯದು, ಚಳಿಗಾಲದ್ದು ಎರಡೂ ಹುಡುಕಿ. ಬಂದರಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ಮುಂದೂ ಹಿಂದೂ ಬಾಗಿಲಿದ್ದರೆ ವಾಹನಗಳು ಒಂದು ಕಡೆ ಹತ್ತಿ ಇನ್ನೊಂದು ಕಡೆ ನೇರ ಇಳಿಯುತ್ತವೆ. ಹಿಂದೆ ಮಾತ್ರ ಬಾಗಿಲಿದ್ದರೆ ಲಾರಿಗಳು ಒಳಗೇ ತಿರುಗಬೇಕು, ಇಲ್ಲವೇ ರಿವರ್ಸ್ ಬರಬೇಕು. ಅಷ್ಟು ಸಮಯ ಜಾಸ್ತಿ ಬೇಕು. ಇನ್ನೊಂದು ಸುಳಿವು: ಪ್ರಯಾಣಿಕರ ಹಡಗಿನ ಸುರಕ್ಷತಾ ಪ್ರಮಾಣಪತ್ರಕ್ಕೆ ಆಯಸ್ಸು ಒಂದೇ ವರ್ಷ. ಹಾಗಾಗಿ ವರ್ಷಕ್ಕೊಮ್ಮೆ ತಪಾಸಣೆ ಇದ್ದೇ ಇರುತ್ತದೆ, ಸಾಮಾನ್ಯವಾಗಿ ಗಿರಾಕಿ ಕಡಿಮೆ ಇರುವ ಕಾಲದಲ್ಲಿ. ನಿಮ್ಮ ಫೆರ್ರಿ ಎರಡು ಮೂರು ವಾರ ಮಾತ್ರ ಬೇರೆ ದಾರಿಯಲ್ಲಿ ಕಾಣಿಸಿಕೊಂಡರೆ, ತಪಾಸಣೆಗೆ ಹೋದ ಇನ್ನೊಂದರ ಬದಲಿಗೆ ಹೋಗಿರುವ ಸಾಧ್ಯತೆಯೇ ಹೆಚ್ಚು.

ದಾರಿ ಯಾಕೆ ಮುಖ್ಯ ಅನ್ನುವುದಕ್ಕೆ ಮತ್ತೆ ಎಸ್ಟೋನಿಯಾವನ್ನೇ ನೋಡಿ. 1980ರಲ್ಲಿ ಜರ್ಮನಿಯ ಪಾಪೆನ್‌ಬುರ್ಗ್‌ನಲ್ಲಿ ‘ವೈಕಿಂಗ್ ಸ್ಯಾಲಿ’ ಆಗಿ ಕಟ್ಟಿದ್ದು. ಆಮೇಲೆ ‘ಸಿಲ್ಯಾ ಸ್ಟಾರ್’, ‘ವಾಸಾ ಕಿಂಗ್’, 1993ರಲ್ಲಿ ‘ಎಸ್ಟೋನಿಯಾ’. ಹೆಸರಿನ ಪಟ್ಟಿ ಇಷ್ಟೇ. ಆದರೆ ಮೊದಮೊದಲು ಅದು ಓಡಿದ್ದು ಫಿನ್‌ಲೆಂಡಿನ ಟುರ್ಕು ಮತ್ತು ಸ್ಟಾಕ್‌ಹೋಮ್ ನಡುವೆ. ಅಲ್ಲಿ ದಾರಿಯ ಬಹುಭಾಗ ದ್ವೀಪಗಳ ಮರೆಯಲ್ಲಿದೆ. ಕೊನೆಗೆ ಓಡಿದ್ದು ಎಸ್ಟೋನಿಯಾ ದೇಶದ ಟಾಲಿನ್ ಮತ್ತು ಸ್ಟಾಕ್‌ಹೋಮ್ ನಡುವೆ, ಬಯಲು ಸಮುದ್ರದಲ್ಲಿ. 1994ರ ಸೆಪ್ಟೆಂಬರ್ 28ರಂದು ನಡುರಾತ್ರಿ ಕಳೆದ ಮೇಲೆ ಅಲೆಗಳ ಹೊಡೆತಕ್ಕೆ ಮೂತಿಯ ಬಾಗಿಲಿನ ಬೀಗಗಳು ಮುರಿದು, ವಾಹನಗಳ ಡೆಕ್ಕಿಗೆ ನೀರು ನುಗ್ಗಿ ಮುಳುಗಿತು. 852 ಜನ ಸತ್ತರು. ಹೆಸರಿನ ಪಟ್ಟಿಯ ಪಕ್ಕದಲ್ಲಿ ದಾರಿಯ ಪಟ್ಟಿ ಇಲ್ಲದಿದ್ದರೆ ಇದರಲ್ಲಿ ಅರ್ಧ ಅರ್ಥವಾಗುವುದೇ ಇಲ್ಲ.

ಕೊನೆಯ ಸಾಲು ಬರೆಯುವಾಗಲೂ ಹೆಸರು ಕೈಕೊಡುತ್ತದೆ. ಗುಜರಿಗೆ ಹೋಗುವ ಒಂದೇ ಪ್ರಯಾಣಕ್ಕೆ ಹೊಸ ಹೆಸರು ಬರೆಯುವ ರೂಢಿಯಿದೆ. ಕೆಲವರು ಸುಮ್ನೆ ಹಳೆಯ ಹೆಸರಿನ ಎರಡಕ್ಷರ ಅಳಿಸಿಬಿಡುತ್ತಾರೆ. 1987ರಲ್ಲಿ ಬೆಲ್ಜಿಯಂನ ಜೀಬ್ರುಗ್ಗೆ ಬಂದರಿನ ಹೊರಗೆ ಮಗುಚಿದ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ತೈವಾನಿನ ಗುಜರಿಗೆ ಹೋಗಿದ್ದು ‘ಫ್ಲಶಿಂಗ್ ರೇಂಜ್’ ಎಂಬ ಹೆಸರಿನಲ್ಲಿ. ಮಾರಾಟದ ತಾರೀಖು, ಗುಜರಿಗೆ ಮುಟ್ಟಿದ ತಾರೀಖು, ಒಡೆಯಲು ಶುರುಮಾಡಿದ ತಾರೀಖು, ಮೂರನ್ನೂ ಬೇರೆಬೇರೆಯಾಗಿ ಬರೆದಿಡಿ.