ಇಬ್ಬರು ರುಡಾಲ್ಫರಿಗೆ ಇಬ್ಬರು ನಟರು: ‘ಝೆಂಡಾ’ವನ್ನು ನಾವು ರಂಗಕ್ಕೆ ತಂದ ಬಗೆ

‘ದಿ ಪ್ರಿಸನರ್ ಆಫ್ ಝೆಂಡಾ’ ಕಾದಂಬರಿಯನ್ನು ಕನ್ನಡದಲ್ಲಿ ಆಡುತ್ತೇವೆ ಎಂದಾಗ ನಮ್ಮ ಹವ್ಯಾಸಿ ತಂಡದ ಪ್ರತಿಯೊಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: ಡಬಲ್ ರೋಲ್ ಯಾರು ಮಾಡುತ್ತಾರೆ? ಪ್ರಶ್ನೆ ಸಹಜವೇ. ರುರಿಟೇನಿಯಾ ಎಂಬ ಕಲ್ಪಿತ ದೇಶದ ರಾಜ ಐದನೆಯ ರುಡಾಲ್ಫ್ ಮತ್ತು ಅವನ ಪಟ್ಟಾಭಿಷೇಕ ನೋಡಲು ಬಂದ ಇಂಗ್ಲಿಷ್ ತರುಣ ರುಡಾಲ್ಫ್ ರಾಸೆಂಡಿಲ್, ಇಬ್ಬರದೂ ಒಂದೇ ರೂಪ. ಅದೇ ಕೆಂಪು ಕೂದಲು, ಅದೇ ನೀಳ ಮೂಗು. ಪಟ್ಟಾಭಿಷೇಕದ ಹಿಂದಿನ ರಾತ್ರಿ ಮಲತಮ್ಮ ಮೈಕೆಲ್ ಕಳಿಸಿದ ಮದ್ದು ಬೆರೆತ ದ್ರಾಕ್ಷಾರಸ ಕುಡಿದು ರಾಜ ಎಚ್ಚರ ತಪ್ಪುತ್ತಾನೆ. ಮುದಿ ಸೇನಾನಿ ಸ್ಯಾಪ್ಟ್‌ನ ಮಾತಿಗೆ ಒಪ್ಪಿ ರಾಸೆಂಡಿಲ್ ಒಂದು ದಿನದ ಮಟ್ಟಿಗೆ ರಾಜನಾಗುತ್ತಾನೆ. ಅಷ್ಟರಲ್ಲಿ ನಿಜವಾದ ರಾಜನನ್ನು ಮೈಕೆಲ್‌ನ ಕಡೆಯವರು ಝೆಂಡಾ ಕೋಟೆಗೆ ಹೊತ್ತೊಯ್ದಿರುತ್ತಾರೆ. ಒಂದು ದಿನದ ವೇಷ ವಾರಗಟ್ಟಲೆ ಮುಂದುವರಿಯುತ್ತದೆ. ರಾಜನಿಗೆ ನಿಶ್ಚಯವಾಗಿರುವ ರಾಜಕುಮಾರಿ ಫ್ಲೇವಿಯಾ ಈ ಬದಲಾದ ರಾಜನನ್ನು ಮನಸಾರೆ ಪ್ರೀತಿಸತೊಡಗುತ್ತಾಳೆ.

ನಾನು ಎರಡು ಪಾತ್ರಗಳಿಗೆ ಇಬ್ಬರು ನಟರನ್ನು ಹಾಕಿದೆ. ಅವರಿಬ್ಬರ ಮುಖಗಳಿಗೆ ಯಾವ ಹೋಲಿಕೆಯೂ ಇರಲಿಲ್ಲ. ಹಾಗೇಕೆ ಮಾಡಿದೆ, ಮಾಡಿದ್ದು ರಂಗದ ಮೇಲೆ ಹೇಗೆ ನಿಂತಿತು ಎಂಬುದನ್ನು ಬರೆದಿಡುವ ಆಸೆ ಬಹಳ ಕಾಲದಿಂದ ಇತ್ತು.

ಕಾದಂಬರಿಕಾರ ಆಂಟನಿ ಹೋಪ್ ವೃತ್ತಿಯಿಂದ ಬ್ಯಾರಿಸ್ಟರ್. ಪೂರ್ಣ ಹೆಸರು ಆಂಟನಿ ಹೋಪ್ ಹಾಕಿನ್ಸ್. 1893ರ ನವೆಂಬರ್ ಕೊನೆಯಲ್ಲಿ ಲಂಡನ್ನಿನ ವೆಸ್ಟ್‌ಮಿನ್ಸ್ಟರ್ ನ್ಯಾಯಾಲಯದಲ್ಲಿ ಒಂದು ಮೊಕದ್ದಮೆ ಗೆದ್ದು ನಡೆದು ಬರುವಾಗ ಈ ಕಥೆ ಹೊಳೆಯಿತಂತೆ. ಸುಮಾರು ಒಂದು ತಿಂಗಳಲ್ಲಿ ಮೊದಲ ಕರಡು ಮುಗಿದು, 1894ರ ವಸಂತದಲ್ಲಿ ಪುಸ್ತಕವೇ ಹೊರಬಂದಿತು. ಆ ವೇಗ ಬರವಣಿಗೆಯ ಮೈಯಲ್ಲಿಯೇ ಇದೆ. ಇಪ್ಪತ್ತೆರಡು ಚಿಕ್ಕ ಅಧ್ಯಾಯಗಳು. ಪ್ರತಿಯೊಂದರ ಕೊನೆಯಲ್ಲೂ ಮುಂದಿನದರ ಬಾಗಿಲು ತೆರೆದೇ ಇರುತ್ತದೆ. ನಾಟಕದವರಿಗೆ ಇಂಥ ಕಾದಂಬರಿ ಸಿಗುವುದು ಅಪರೂಪ. ಪ್ರಕಟವಾದ ಮರುವರ್ಷವೇ ಎಡ್ವರ್ಡ್ ರೋಸ್ ಇದನ್ನು ನಾಟಕವಾಗಿಸಿದ. 1895ರಲ್ಲಿ ನ್ಯೂಯಾರ್ಕಿನ ಲೈಸಿಯಂನಲ್ಲಿ ಇ. ಎಚ್. ಸಾದರ್ನ್, 1896ರ ಜನವರಿಯಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ರಂಗಮಂದಿರದಲ್ಲಿ ಜಾರ್ಜ್ ಅಲೆಕ್ಸಾಂಡರ್ ಅದರ ನಾಯಕರು. ಇಬ್ಬರೂ ರಾಜ ಮತ್ತು ರಾಸೆಂಡಿಲ್ ಎರಡನ್ನೂ ತಾವೇ ಆಡಿದರು. ಹದಿನೆಂಟನೆಯ ಶತಮಾನದಲ್ಲಿ ರುರಿಟೇನಿಯಾದ ಒಬ್ಬ ರಾಜಕುಮಾರ ಇಂಗ್ಲೆಂಡಿಗೆ ಬಂದು ರಾಸೆಂಡಿಲ್ ವಂಶದ ಸೊಸೆಯೊಬ್ಬಳನ್ನು ಪ್ರೀತಿಸಿದ್ದರಿಂದ ಈ ಮುಖಸಾಮ್ಯ ಬಂದಿತೆಂಬ ಹಿನ್ನೆಲೆಯನ್ನು ರೋಸ್ ಪೂರ್ವರಂಗವಾಗಿ ಇಟ್ಟಿದ್ದ.

ಸಿನಿಮಾದವರಿಗಂತೂ ಇದು ಹೇಳಿ ಮಾಡಿಸಿದ ವಸ್ತು. 1913ರ ಮೂಕಚಿತ್ರದಲ್ಲಿ ನಟಿಸಿದ ಜೇಮ್ಸ್ ಹ್ಯಾಕೆಟ್ ಮೊದಲೇ ರಂಗದ ಮೇಲೆ ಇದೇ ಪಾತ್ರ ಮಾಡಿದ್ದವನು. 1922ರಲ್ಲಿ ರೆಕ್ಸ್ ಇಂಗ್ರಾಂ ನಿರ್ದೇಶಿಸಿದ ಚಿತ್ರದಲ್ಲಿ ಲೂಯಿಸ್ ಸ್ಟೋನ್ ನಾಯಕ, ರಾಮನ್ ನೊವಾರೊ ಮೈಕೆಲ್‌ನ ಬಂಟ ರೂಪರ್ಟ್ ಎಂಬ ಖಳ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಿನದು 1937ರ ಚಿತ್ರ: ಡೇವಿಡ್ ಸೆಲ್ಜ್‌ನಿಕ್ ನಿರ್ಮಾಣ, ಜಾನ್ ಕ್ರಾಮ್‌ವೆಲ್ ನಿರ್ದೇಶನ, ನಾಯಕನಾಗಿ ರೊನಾಲ್ಡ್ ಕೋಲ್ಮನ್. ಛಾಯಾಗ್ರಾಹಕ ಜೇಮ್ಸ್ ವಾಂಗ್ ಹೌ ಇಬ್ಬರು ಕೋಲ್ಮನ್ನರು ಎದುರುಬದುರು ನಿಂತು ಕೈಕುಲುಕುವಂತೆ ತೋರಿಸಿದ್ದಾರೆ. ಇಂಗ್ಲೆಂಡಿನಲ್ಲಿ ಎಂಟನೆಯ ಎಡ್ವರ್ಡ್ ಪ್ರೀತಿಗಾಗಿ ಸಿಂಹಾಸನ ಬಿಟ್ಟದ್ದು 1936ರ ಡಿಸೆಂಬರಿನಲ್ಲಿ. ಕರ್ತವ್ಯಕ್ಕಾಗಿ ಪ್ರೀತಿಯನ್ನು ಬಿಡುವ ಈ ಕಥೆ ತೆರೆಗೆ ಬಂದದ್ದು ಮರುವರ್ಷ. ಅಂದಿನ ಪ್ರೇಕ್ಷಕರಿಗೆ ಅದು ಎಷ್ಟು ಹತ್ತಿರದಿಂದ ತಾಕಿರಬೇಕು! ಆ ಚಿತ್ರದ ಸ್ಯಾಪ್ಟ್, ಸಿ. ಆಬ್ರಿ ಸ್ಮಿತ್, ನನ್ನ ಅಚ್ಚುಮೆಚ್ಚಿನ ನಟ. ತಾರುಣ್ಯದಲ್ಲಿ ರಂಗದ ಮೇಲೆ ಇದೇ ಕಥೆಯಲ್ಲಿ ಆಡಿದ್ದವರು. ಅದಕ್ಕೂ ಮೊದಲು, 1889ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕರಾಗಿದ್ದವರು. 1952ರ ವರ್ಣಚಿತ್ರ ಹೆಚ್ಚುಕಡಿಮೆ 1937ರ ಚಿತ್ರಕಥೆಯನ್ನೇ ಮತ್ತೆ ಬಳಸಿತು. ಸ್ಟೂವರ್ಟ್ ಗ್ರೇಂಜರ್ ಕತ್ತಿವರಸೆಯಲ್ಲಿ ಗಟ್ಟಿಗ, ಆದರೆ ಆ ಚಿತ್ರದಲ್ಲಿ ಮನಸ್ಸು ನಿಲ್ಲುವುದು ಪಟ್ಟಾಭಿಷೇಕ ನೆರವೇರಿಸುವ ಕಾರ್ಡಿನಲ್ ಮೇಲೆ. ಆ ಪಾತ್ರದಲ್ಲಿರುವವರು 1922ರ ನಾಯಕ ಲೂಯಿಸ್ ಸ್ಟೋನ್.

ನಮ್ಮ ದೇಶಕ್ಕೂ ಈ ಕಥೆ ಬಂದಿದೆ. ಶರದಿಂದು ಬಂದ್ಯೋಪಾಧ್ಯಾಯರು ‘ಝಿಂದೇರ್ ಬಂದಿ’ ಎಂದು ಬಂಗಾಳಿಯಲ್ಲಿ ಬರೆದರು. 1961ರಲ್ಲಿ ತಪನ್ ಸಿನ್ಹಾ ಅದನ್ನು ಸಿನಿಮಾ ಮಾಡಿದರು. ಉತ್ತಮ್ ಕುಮಾರ್ ನಾಯಕ. ಖಳನ ಪಾತ್ರದಲ್ಲಿ ಸೌಮಿತ್ರ ಚಟರ್ಜಿ. ಆ ಖಳನ ಚೆಲುವಿನ ಕ್ರೌರ್ಯವನ್ನು ನೋಡಿದ ಮೇಲೆ ನಮ್ಮ ರೂಪರ್ಟ್ ಹೇಗಿರಬೇಕೆಂದು ನನಗೆ ಖಚಿತವಾಯಿತು. ಬಂಗಾಳಿಯವರು ಕಥೆಯನ್ನು ಭಾರತದ ಸಂಸ್ಥಾನಕ್ಕೆ ತಂದರು, ಅದು ಅವರಿಗೆ ಒಪ್ಪಿತು. ನಾನು ರುರಿಟೇನಿಯಾವನ್ನು ರುರಿಟೇನಿಯಾವಾಗಿಯೇ ಉಳಿಸಿದೆ. ಡ್ರೆಸ್ಡೆನ್ನಿನಿಂದ ರೈಲಿನಲ್ಲಿ ತಲುಪಬಹುದಾದ, ನಕ್ಷೆಯಲ್ಲಿ ಎಲ್ಲಿಯೂ ಇಲ್ಲದ ದೇಶ ಅದು. ನಮ್ಮ ನೆಲದ ಸಂಸ್ಥಾನವೊಂದಕ್ಕೆ ತಂದರೆ ಪ್ರೇಕ್ಷಕರು ಅದು ಯಾವ ಅರಸುಮನೆ, ಯಾವ ದಾಯಾದಿ ಜಗಳ ಎಂದು ಹುಡುಕತೊಡಗುತ್ತಾರೆ. ಆಂಟನಿ ಹೋಪ್ ಇಲ್ಲದ ದೇಶವನ್ನು ಕಟ್ಟಿದ್ದೇ ಆ ಹುಡುಕಾಟದಿಂದ ಓದುಗರನ್ನು ಬಿಡಿಸಲು ಎಂದು ನನ್ನ ನಂಬಿಕೆ.

ಇನ್ನು ಮುಖದ ಮಾತು. ಕಾದಂಬರಿಯನ್ನು ಪೆನ್ಸಿಲ್ ಹಿಡಿದು ಓದಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಇಬ್ಬರು ರುಡಾಲ್ಫರು ನೆಮ್ಮದಿಯಾಗಿ ಕುಳಿತು ಮಾತನಾಡುವುದು ಆರಂಭದ ಬೇಟೆಮನೆಯಲ್ಲಿ ಮತ್ತು ಕೊನೆಯಲ್ಲಿ, ಕೋಟೆಯಿಂದ ರಾಜನ ಬಿಡುಗಡೆಯಾದ ಮೇಲೆ. ನಡುವಿನ ಕಥೆಯಲ್ಲೆಲ್ಲ ರಾಜ ನೆಲಮಾಳಿಗೆಯಲ್ಲಿ, ರಾಸೆಂಡಿಲ್ ಸಿಂಹಾಸನದಲ್ಲಿ. ಕ್ಯಾಮೆರಾಕ್ಕೆ ಈ ಭೇಟಿಗಳು ಚಮತ್ಕಾರಕ್ಕೆ ಅವಕಾಶ. ರಂಗದ ಮೇಲೆ ಒಬ್ಬನೇ ನಟ ಎರಡೂ ಪಾತ್ರ ಮಾಡಿದರೆ ಒಬ್ಬ ರುಡಾಲ್ಫ್ ಬೆನ್ನು ತಿರುಗಿಸಿಯೇ ಕೂರಬೇಕು, ಇಲ್ಲವೇ ಕತ್ತಲಲ್ಲಿ ಮರೆಯಾಗಬೇಕು. ಆಗ ಪ್ರೇಕ್ಷಕರ ಗಮನವೆಲ್ಲ ಹೇಗೆ ಮಾಡಿದರು ಎಂಬುದರ ಮೇಲೆ. ನನಗೆ ಬೇಕಾಗಿದ್ದುದು ಕೊನೆಯ ಭೇಟಿಯಲ್ಲಿ ಇಬ್ಬರು ಮನುಷ್ಯರು ಕಣ್ಣಿಗೆ ಕಣ್ಣಿಟ್ಟು ಮಾತನಾಡುವುದು.

ರಾಜನ ಪಾತ್ರವನ್ನು ಆಡುವವರು ಅವನ ಸುತ್ತಲಿನವರು ಎಂಬ ಮಾತು ನಾಟಕದವರಲ್ಲಿ ಹಳೆಯದು. ಈ ಕಾದಂಬರಿ ಆ ಮಾತಿನ ಮೇಲೆಯೇ ನಿಂತಿದೆ. ರಾಸೆಂಡಿಲ್ ರಾಜನಾದದ್ದು ರಾಜಧಾನಿ ಸ್ಟ್ರೆಲ್ಸಾದ ರೈಲು ನಿಲ್ದಾಣದಲ್ಲಿ ಮುದಿ ಮಾರ್ಷಲ್ ಸ್ಟ್ರಾಕೆನ್ಟ್ಸ್ ಅವನಿಗೆ ತಲೆಬಾಗಿದ ಕ್ಷಣದಲ್ಲಿ. ಆದ್ದರಿಂದ ನಮ್ಮ ತಾಲೀಮಿನ ಮೊದಲ ಭಾಗವನ್ನು ಪೂರ್ತಿಯಾಗಿ ಮೇಳದವರಿಗೆ ಮೀಸಲಿಟ್ಟೆ. ಇಬ್ಬರು ರುಡಾಲ್ಫರಿಗೂ ಒಂದೇ ಬಣ್ಣದ ಕೂದಲು, ಒಂದೇ ಅಂಗಿ. ಇಷ್ಟೇ ಪ್ರಸಾಧನದ ನೆರವು. ಉಳಿದದ್ದನ್ನು ಬೇಟೆಮನೆಯ ದೃಶ್ಯದಲ್ಲಿ ಸ್ಯಾಪ್ಟ್ ಮತ್ತು ರಾಜನ ಇನ್ನೊಬ್ಬ ಆಪ್ತ ಫ್ರಿಟ್ಜ್ ಮಾಡಬೇಕಿತ್ತು. ಅವರು ಒಬ್ಬನನ್ನು ನೋಡಿ, ಇನ್ನೊಬ್ಬನನ್ನು ನೋಡಿ, ಮತ್ತೆ ಮೊದಲಿನವನತ್ತ ತಿರುಗಿ, ಮಾತು ಹೊರಡದೆ ನಿಲ್ಲುತ್ತಾರೆ. ಆ ಮೌನವನ್ನು ಎಷ್ಟು ಹೊತ್ತು ಹಿಡಿಯಬೇಕೆಂದು ಬಹಳ ಪ್ರಯತ್ನಪಟ್ಟೆವು. ರಾಜ ಬಿದ್ದು ಬಿದ್ದು ನಗತೊಡಗಿದಾಗ ಸಭಾಂಗಣವೂ ನಕ್ಕರೆ ದೃಶ್ಯ ಗೆದ್ದಂತೆ. ಮೊದಲ ಪ್ರದರ್ಶನದಲ್ಲೇ ಜನ ನಕ್ಕರು. ಅಲ್ಲಿಂದ ಮುಂದೆ ಮುಖಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಈ ದಾರಿಯಿಂದ ಪಟ್ಟಾಭಿಷೇಕದ ದೃಶ್ಯಕ್ಕೆ ಬಂದ ಬಲವನ್ನು ನಾನೂ ಊಹಿಸಿರಲಿಲ್ಲ. ಅಲ್ಲಿ ನೆರೆದವರಲ್ಲಿ ಮೈಕೆಲ್‌ಗೆ ಗೊತ್ತು, ಕಿರೀಟ ತೊಟ್ಟವನು ತನ್ನ ಅಣ್ಣನಲ್ಲವೆಂದು. ಹೇಳಿದರೆ ತಾನೇ ಮದ್ದು ಹಾಕಿಸಿದ್ದು ಬಯಲಾಗುತ್ತದೆ. ಹಾಗಾಗಿ ಸತ್ಯ ಬಲ್ಲ ಅವನೇ ಎಲ್ಲರೆದುರು ಮಂಡಿಯೂರಿ ನಕಲಿ ರಾಜನ ಕೈಗೆ ಮುತ್ತಿಡಬೇಕು. ಕಾದಂಬರಿಯಲ್ಲಿ ಅವನ ಕೈ ನಡುಗುತ್ತದೆ, ತುಟಿ ಒಣಗುತ್ತದೆ. ನಮ್ಮ ಮೈಕೆಲ್ ಪಾತ್ರಧಾರಿ ರಂಗದ ಅಂಚಿನಿಂದ ಸಿಂಹಾಸನದವರೆಗೆ ನಿಧಾನವಾಗಿ ನಡೆದು ಬರುವಾಗ ವಾದ್ಯಗಳನ್ನೆಲ್ಲ ನಿಲ್ಲಿಸಿ ಬೂಟಿನ ಸದ್ದೊಂದನ್ನೇ ಉಳಿಸಿದೆವು. ಗುಂಪಿನ ನಡುವೆ ಮೈಕೆಲ್‌ನನ್ನು ಪ್ರೀತಿಸುವ ಆಂಟನೆಟ್ ಡಿ ಮೋಬಾನ್ ನಿಂತಿರುತ್ತಾಳೆ. ಅವಳು ಬಂದದ್ದೇ ರಾಸೆಂಡಿಲ್ ಬಂದ ರೈಲಿನಲ್ಲಿ. ಅವಳ ಒಂದು ನೋಟ ಸಾಕು.

ಕಾದಂಬರಿ ರಾಸೆಂಡಿಲ್‌ನ ಬಾಯಲ್ಲೇ ನಡೆಯುವುದರಿಂದ ನಿರೂಪಣೆಯ ಸಮಸ್ಯೆಯೂ ಇತ್ತು. ನಾಯಕನೇ ಆಗಾಗ ಪ್ರೇಕ್ಷಕರತ್ತ ತಿರುಗಿ ಕಥೆ ಹೇಳಿದರೆ ಅಪಾಯದ ಬಿಸಿ ಆರುತ್ತದೆ, ಬದುಕಿ ಉಳಿದವನೆಂದು ಗೊತ್ತಾಗಿಬಿಡುತ್ತದೆ. ಇದಕ್ಕೆ ಪರಿಹಾರ ಲೇಖಕನಲ್ಲೇ ಸಿಕ್ಕಿತು. 1898ರಲ್ಲಿ ಪುಸ್ತಕವಾಗಿ ಬಂದ ಮುಂದುವರಿದ ಭಾಗ ‘ರೂಪರ್ಟ್ ಆಫ್ ಹೆಂಟ್ಜಾ’ದ ನಿರೂಪಕ ಫ್ರಿಟ್ಜ್. ನಾನೂ ಫ್ರಿಟ್ಜನಿಗೇ ಕಥೆಯನ್ನು ಒಪ್ಪಿಸಿದೆ. ಎಡ್ವರ್ಡ್ ರೋಸನ ಪೂರ್ವರಂಗದ ವಿಷಯವನ್ನು ಅವನ ನಾಲ್ಕು ಮಾತುಗಳಲ್ಲಿ ಮುಗಿಸಿ, ನೇರವಾಗಿ ಲಂಡನ್ನಿನ ತಿಂಡಿ ಮೇಜಿಗೆ ಹೋದೆವು. ಅಲ್ಲಿ ಅತ್ತಿಗೆ ರೋಸ್, ಇಪ್ಪತ್ತೊಂಬತ್ತು ವರ್ಷವಾದರೂ ಏನೂ ಮಾಡದೆ ಕುಳಿತ ಮೈದುನನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಕನ್ನಡದಲ್ಲಿ ಆ ದೃಶ್ಯ ತಾನಾಗಿಯೇ ಚಿಗುರಿತು. ಅತ್ತಿಗೆ ಮೈದುನರ ಸಲಿಗೆಯನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ.

ಝೆಂಡಾದ ಸೆರೆಮನೆಯಲ್ಲಿ ಒಂದು ಭೀಕರ ಏರ್ಪಾಡಿದೆ. ಕಿಟಕಿಯಿಂದ ಕಂದಕದ ನೀರಿನವರೆಗೆ ದೊಡ್ಡದೊಂದು ಕೊಳವೆ. ಹೊರಗಿನಿಂದ ದಾಳಿಯಾದ ಕೂಡಲೇ ರಾಜನನ್ನು ಕೊಂದು ಹೆಣಕ್ಕೆ ಭಾರ ಕಟ್ಟಿ ಅದರೊಳಗೆ ಜಾರಿಸಿದರೆ ಸಾಕ್ಷಿಯೇ ಉಳಿಯದು. ‘ಜೇಕಬ್ಬನ ಏಣಿ’ ಎಂದು ಅದರ ಹೆಸರು. ಬಿದಿರಿನ ಚೌಕಟ್ಟಿಗೆ ಗೋಣಿ ಹೊದಿಸಿ, ಮಣ್ಣಿನ ಬಣ್ಣ ಬಳಿದು ಆ ಕೊಳವೆಯನ್ನು ಮಾಡಿದೆವು. ಮೊದಲ ಅಂಕದಿಂದಲೇ ಅದು ರಂಗದ ಒಂದು ಮೂಲೆಯಲ್ಲಿ ಇರುತ್ತದೆ. ಅರಮನೆಯ ನೃತ್ಯ ನಡೆಯುವಾಗಲೂ ಜನರ ಕಣ್ಣಿಗೆ ಬೀಳುತ್ತಿರುತ್ತದೆ.

ರಾಸೆಂಡಿಲ್ ರಾತ್ರಿ ಕಂದಕ ಈಜಿ ಬಂದು ದೋಣಿಯಲ್ಲಿ ಮಲಗಿದ್ದ ಕಾವಲುಗಾರ ಮ್ಯಾಕ್ಸ್ ಹೋಲ್ಫ್‌ನನ್ನು ಇರಿದು ಕೊಲ್ಲುವ ಪ್ರಸಂಗವನ್ನು ತೆಗೆದುಬಿಡಿ, ನಾಯಕನ ಮೇಲಿನ ಪ್ರೀತಿ ಕಡಿಮೆಯಾಗುತ್ತದೆ ಎಂದು ತಂಡದ ಹಿರಿಯರೊಬ್ಬರು ಪಟ್ಟು ಹಿಡಿದರು. ನಾನು ಒಪ್ಪಲಿಲ್ಲ. ತನ್ನ ಕೆಲಸಗಳಲ್ಲೆಲ್ಲ ನೆನೆಯಲು ಅತಿ ಕಷ್ಟವಾದದ್ದು ಇದೇ ಎಂದು ರಾಸೆಂಡಿಲ್ ಸ್ವತಃ ಹೇಳಿಕೊಳ್ಳುತ್ತಾನೆ. ಆ ಮಾತನ್ನು ಕೇಳಿದ ಮೇಲೆಯೇ ಅವನು ನನಗೆ ಮನುಷ್ಯನಾಗಿ ಕಂಡದ್ದು. ಇನ್ನೊಬ್ಬನ ಸಿಂಹಾಸನವನ್ನು ಉಳಿಸಿಕೊಡಲು ಹೋದವನ ಕೈಗೂ ರಕ್ತ ಮೆತ್ತಿಕೊಳ್ಳುತ್ತದೆ ಎಂಬುದು ಪ್ರೇಕ್ಷಕರಿಗೆ ಗೊತ್ತಿರಬೇಕು. ದೃಶ್ಯ ಉಳಿಯಿತು. ಅದನ್ನು ನೋಡಿದ ಮಕ್ಕಳೂ ನಾಯಕನನ್ನು ಬಿಟ್ಟುಕೊಡಲಿಲ್ಲ.

ಕತ್ತಿವರಸೆಗೆ ಹೆಚ್ಚು ಹೇಳುವುದಿಲ್ಲ. ಮರದ ಕತ್ತಿ, ಎಣಿಕೆಯ ಹೆಜ್ಜೆ, ದಿನವೂ ಅಭ್ಯಾಸ, ಅಷ್ಟೇ. ಆದರೆ ರೂಪರ್ಟ್ ಹೋರಾಡುವಾಗ ನಗುತ್ತಿರಬೇಕು. ಅವನು ಸಾಯುವುದೂ ಇಲ್ಲ, ಸೋಲುವುದೂ ಇಲ್ಲ. ತಪ್ಪಿಸಿಕೊಂಡು ಕುದುರೆಯೇರಿ ಕೈಬೀಸಿ ಹೋಗುತ್ತಾನೆ.

ಫ್ಲೇವಿಯಾಳ ಪಾತ್ರ ಮಾಡಿದ ಹುಡುಗಿ ಕೊನೆಯ ದೃಶ್ಯದ ಬಗ್ಗೆ ನನ್ನೊಡನೆ ತುಂಬಾ ವಾದ ಮಾಡಿದಳು. ಪ್ರೀತಿಸಿದವನು ರಾಜನಲ್ಲ ಎಂದು ತಿಳಿದ ಮೇಲೂ ಅವಳು ಅವನೊಡನೆ ಏಕೆ ಹೋಗುವುದಿಲ್ಲ? ಹೆಣ್ಣನ್ನು ಸಿಂಹಾಸನಕ್ಕೆ ಕಟ್ಟಿಹಾಕಿದಂತಲ್ಲವೇ? ಅವಳಿಗೆ ಮೂಲದ ಪುಟಗಳನ್ನೇ ಓದಿಸಿದೆ. ಪ್ರೀತಿಯೊಂದೇ ಇರುವುದಾಗಿದ್ದರೆ ಚಿಂದಿ ಉಟ್ಟಾದರೂ ನಿನ್ನ ಹಿಂದೆ ಬರುತ್ತಿದ್ದೆ, ಮಾನಕ್ಕೆ ಹೆಣ್ಣೂ ಕಟ್ಟುಬಿದ್ದವಳು ಎಂದು ಫ್ಲೇವಿಯಾ ಹೇಳುವ ಭಾಗ ಅದು. ಅಲ್ಲಿ ನಿರ್ಧರಿಸುವವಳು ಅವಳೇ. ರಾಸೆಂಡಿಲ್ ಆ ನಿರ್ಧಾರಕ್ಕೆ ತಲೆಬಾಗುತ್ತಾನೆ. ಇದನ್ನು ಒಪ್ಪಿಕೊಂಡ ಮೇಲೆ ಆ ಹುಡುಗಿ ಅಳುವುದನ್ನು ಪೂರ್ತಿ ಬಿಟ್ಟು, ಆಜ್ಞೆ ಕೊಡುವವಳಂತೆ ನಿಂತು ಮಾತನಾಡಿದಳು. ಸಭಾಂಗಣದಲ್ಲಿ ಅತ್ತವರು ಪ್ರೇಕ್ಷಕರು.

ನಾನು ಎಲ್ಲವನ್ನೂ ಪಣಕ್ಕಿಟ್ಟದ್ದು ಅದಕ್ಕೂ ಸ್ವಲ್ಪ ಮುಂಚಿನ ರಾಜ ಮತ್ತು ರಾಸೆಂಡಿಲ್‌ರ ಭೇಟಿಯ ಮೇಲೆ. ಸೆರೆಯಿಂದ ಕೃಶನಾದ ರಾಜ ಹಾಸಿಗೆಯಲ್ಲಿದ್ದಾನೆ. ರಾಸೆಂಡಿಲ್ ಮಂಡಿಯೂರಿ ರಾಜಮುದ್ರೆಯ ಉಂಗುರವನ್ನು ತನ್ನ ಬೆರಳಿನಿಂದ ತೆಗೆದು ಅವನ ಬೆರಳಿಗೆ ತೊಡಿಸುತ್ತಾನೆ. ಇದಕ್ಕೆ ಕಳಂಕ ತಾರದಂತೆ ನಡೆದುಕೊಳ್ಳಲು ಯತ್ನಿಸಿದ್ದೇನೆ ಎನ್ನುತ್ತಾನೆ. ರಾಜನಾಗುವುದು ಹೇಗೆಂದು ನೀನೇ ತೋರಿಸಿಕೊಟ್ಟೆ ಎನ್ನುತ್ತಾನೆ ರಾಜ. ಕುಡಿತ ಮೋಜುಗಳಲ್ಲಿ ಕಾಲ ಕಳೆದ ಮೊದಲಿನ ರಾಜ ಹೇಳಲಾರದ ಮಾತದು. ಒಬ್ಬನೇ ನಟ ಎರಡೂ ಆಗಿದ್ದರೆ ಈ ಉಂಗುರ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವುದನ್ನು ಜನ ನೋಡುತ್ತಲೇ ಇರಲಿಲ್ಲ. ಇಬ್ಬರು ಬೇರೆ ಬೇರೆ ಮನುಷ್ಯರು ಬೆವರಿದ ಮುಖಗಳಲ್ಲಿ ಹತ್ತಿರ ಕುಳಿತಿದ್ದಾಗ, ಒಬ್ಬ ಬಿಟ್ಟುಕೊಟ್ಟದ್ದೂ ಇನ್ನೊಬ್ಬ ಹೊತ್ತುಕೊಂಡದ್ದೂ ಕಣ್ಣಿಗೆ ಕಂಡಿತು.

ಈ ನಾಟಕವನ್ನು ಆಡಬೇಕೆನ್ನುವ ತಂಡಗಳಿಗೆ ಒಂದೆರಡು ಮಾತು. ಆಂಟನಿ ಹೋಪ್ ತೀರಿಕೊಂಡದ್ದು 1933ರಲ್ಲಿ. ಕಾದಂಬರಿಯ ಹಕ್ಕುಸ್ವಾಮ್ಯ ಭಾರತದಲ್ಲಿ ಎಂದೋ ಮುಗಿದಿದೆ, ಇಂಗ್ಲಿಷ್ ಮೂಲ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಅಂತರ್ಜಾಲ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ರಂಗರೂಪ ಬರೆಯುವ ಮೊದಲು ಸಿನಿಮಾಗಳನ್ನು ನೋಡಬೇಡಿ, ಪುಸ್ತಕವನ್ನು ಓದಿ. ಮೈಕೆಲ್‌ನ ಆರು ಮಂದಿ ಬಂಟರನ್ನು ಮೂವರಿಗೆ ಇಳಿಸಬಹುದು, ಕಥೆಗೆ ನಷ್ಟವಿಲ್ಲ. ಪಾತ್ರ ಹಂಚುವಾಗ ರೂಪರ್ಟ್‌ನಿಂದ ಆರಂಭಿಸಿ; ಅವನ ನಗುವಿಗೆ ತಕ್ಕ ನಟ ಸಿಕ್ಕ ಮೇಲೆಯೇ ಅವನೆದುರು ನಿಲ್ಲಬಲ್ಲ ರಾಸೆಂಡಿಲ್‌ನನ್ನು ಹುಡುಕಿ.